ಬಗ್ಗದ ಮೂರು ತಿಂಗಳು

ಬೆನ್ನಿಗೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ಅತ್ತಿಗೆ ಹೇಳಿದ್ದು ರಾತ್ರಿ ಊಟದ ನಡುವೆ, ಮೀನಿನ ಮುಳ್ಳು ಬಿಡಿಸುತ್ತಾ. ಬೇರೆ ಹೊತ್ತು ಸಿಗಲಿಲ್ಲವೇ ಎಂದು ನಾನು ಆಮೇಲೆ ಕೇಳಿದೆ. "ಎಲ್ಲರೂ ಒಂದೇ ಕಡೆ ಸಿಗೋದು ಊಟಕ್ಕೆ ಮಾತ್ರ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳ್ಕೊಂಡು ಜಗಳ ಆಡೋಕೆ ನನಗೆ ತ್ರಾಣ ಇಲ್ಲ" ಎಂದರು.

ಎಲ್ಲರೂ ಎಂದರೆ ಅಮ್ಮ, ಅಣ್ಣ ಜೊಂಗ್‌ದು, ಅವನ ಹೆಂಡತಿ ಮಿಯೊಕ್ ಅತ್ತಿಗೆ, ನಾನು. ಗಂಡ ಹೋದ ಮೇಲೆ ನಾನು ಅಣ್ಣನ ಮನೆಯ ಬೀದಿಯಲ್ಲೇ ಹೆಂಗಸರ ಪಾರ್ಲರ್ ಇಟ್ಟುಕೊಂಡಿದ್ದೇನೆ. ಮಲಗುವುದು ಪಾರ್ಲರಿನ ಹಿಂದಿನ ಕೋಣೆಯಲ್ಲಿ, ಊಟ ಅಣ್ಣನ ಮನೆಯಲ್ಲಿ. ನಾದಿನಿ ದಿನಾ ಉಣ್ಣಲು ಬರುತ್ತಾಳೆ ಎಂದರೆ ಬೇರೆ ಯಾವ ಅತ್ತಿಗೆಯಾದರೂ ಮೂಗು ಮುರಿಯುತ್ತಿದ್ದಳು. ಇವರು ಹನ್ನೊಂದು ವರ್ಷದಿಂದ ನನ್ನ ಬಟ್ಟಲನ್ನೂ ತುಂಬಿಸುತ್ತಾ ಬಂದಿದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ನನ್ನ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಹೆಚ್ಚೇನಿಲ್ಲ.

"ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ದಿನ ಗೊತ್ತಾಗಿದೆ. ಗ್ವಾಂಗ್‌ಜುನ ದೊಡ್ಡ ಆಸ್ಪತ್ರೆಯಲ್ಲಿ. ಜಾರಿರೋ ಮೂಳೇನ ಸರಿಗೆ ತಂದು, ಕೆಳಗಿನ ಮೂಳೆ ಜೊತೆ ಸೇರಿಸಿ ಸ್ಕ್ರೂ ಹಾಕ್ತಾರಂತೆ" ಎಂದರು ಅತ್ತಿಗೆ.

ಅಮ್ಮ ಚಮಚ ಕೆಳಗಿಟ್ಟಳು. "ಬೆನ್ನಿಗೆ ಚಾಕು ಮುಟ್ಟಿಸ್ಕೊಂಡೋರು ಎದ್ದು ಓಡಾಡಿದ್ದು ಎಲ್ಲಾದ್ರೂ ಕಂಡಿದ್ದೀಯಾ? ಅಕ್ಕಿ ಗಿರಣಿಯವಳನ್ನ ನೋಡು. ಹೋಗುವಾಗ ನಡ್ಕೊಂಡು ಹೋದ್ಲು. ಬರುವಾಗ ಹೊತ್ಕೊಂಡು ಬಂದ್ರು."

"ಅದು ಮೂವತ್ತು ವರ್ಷದ ಹಿಂದಿನ ಮಾತು ಅತ್ತೆ."

"ಬೆನ್ನು ಅವತ್ತೂ ಬೆನ್ನೇ, ಇವತ್ತೂ ಬೆನ್ನೇ. ಏನೋ ಜೊಂಗ್‌ದು, ಬಾಯಲ್ಲಿ ಕಡುಬು ಇಟ್ಕೊಂಡಿದ್ದೀಯಾ? ಹೇಳೋ ನಿನ್ನ ಹೆಂಡ್ತಿಗೆ."

ಅಣ್ಣ ಮೂವತ್ತು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತನಾದವನು. ಹಿಂದೆ ಕೂತವರು ಎಷ್ಟೇ ಕೂಗಾಡಲಿ, ತಿರುಗಿ ನೋಡದ ಅಭ್ಯಾಸ. ಸಾರು ಕುಡಿಯುತ್ತಲೇ ಇದ್ದ.

ಅತ್ತಿಗೆಯ ನೋವು ನಮಗೆ ಗೊತ್ತಿಲ್ಲದ್ದಲ್ಲ. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳ ಅನ್ನದ ಹಂಡೆ ಎತ್ತಿ ಇಳಿಸಿದ ಸೊಂಟ ಅದು. ಎರಡು ವರ್ಷದಿಂದ ಎಡಗಾಲು ಜೋಮು ಹಿಡಿದು, ಬಸ್ ಸ್ಟಾಪಿನಿಂದ ಮನೆಗೆ ಬರುವಷ್ಟರಲ್ಲಿ ಮೂರು ಕಡೆ ಕುಕ್ಕರಗಾಲಲ್ಲಿ ಕೂರಬೇಕಾಗುತ್ತಿತ್ತು. ಔಷಧಿ ಅಂಗಡಿ ಮುಂದೆ ಕೂತು ಶೂ ಲೇಸ್ ಕಟ್ಟುವ ನಾಟಕ ಮಾಡುತ್ತಿದ್ದರು. ಒಂದು ದಿನ ಲೇಸೇ ಇಲ್ಲದ ಚಪ್ಪಲಿ ಹಾಕಿಕೊಂಡೂ ಅದನ್ನೇ ಮಾಡಿದ್ದನ್ನು ನನ್ನ ಪಾರ್ಲರಿನ ಕಿಟಕಿಯಿಂದ ಕಂಡು ನಾನು ನಕ್ಕಿದ್ದೆ. ಇಂಜೆಕ್ಷನ್ ಆಯಿತು, ಸೂಜಿ ಚಿಕಿತ್ಸೆ ಆಯಿತು, ಬಿಸಿ ಶಾಖ ಆಯಿತು. ಯಾವುದೂ ಒಂದು ತಿಂಗಳ ಮೇಲೆ ಬಾಳಲಿಲ್ಲ.

"ವಯಸ್ಸಾದ್ರೆ ಬೆನ್ನು ಬಾಗುತ್ತೆ ಕಣೇ. ನಾನಿಲ್ವಾ? ಬದುಕಿಲ್ವಾ?" ಎಂದಳು ಅಮ್ಮ.

ಅಮ್ಮನಿಗೆ ಎಂಬತ್ತಮೂರು. ಬೆಳ್ಳುಳ್ಳಿ ಹೊಲ, ಸಮುದ್ರದ ಕೆಸರು, ಬಟ್ಟೆ, ಮಕ್ಕಳು ಎಲ್ಲವನ್ನೂ ಬಗ್ಗಿಯೇ ಮಾಡಿ, ಈಗ ಸೊಂಟದಿಂದ ಮೇಲಿನ ಮೈ ನೆಲಕ್ಕೆ ಸಮನಾಗಿ ಬಾಗಿದೆ. ಹಳೇ ಮಗುವಿನ ಗಾಡಿ ತಳ್ಳಿಕೊಂಡು ಓಡಾಡುತ್ತಾಳೆ. ನಮ್ಮ ಮೋಕ್‌ಪೋ ಊರಲ್ಲಿ ಅವಳ ವಯಸ್ಸಿನ ಹೆಂಗಸರು ಅರ್ಧಕ್ಕರ್ಧ ಹಾಗೇ.

ಅತ್ತಿಗೆ ಮುಳ್ಳು ಬಿಡಿಸಿದ ಮೀನಿನ ತುಂಡನ್ನು ಅಮ್ಮನ ಅನ್ನದ ಮೇಲಿಟ್ಟರು. ಇಟ್ಟು ಹೇಳಿದರು: "ನಾನು ನಿಮ್ಮ ಹಾಗೆ ಗಾಡಿ ತಳ್ಕೊಂಡು ಬದುಕಲ್ಲ ಅತ್ತೆ."

ಅಬ್ಬಾ! ಮೂವತ್ತನಾಲ್ಕು ವರ್ಷದಲ್ಲಿ ಆ ಹೆಂಗಸಿನ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ಅಮ್ಮ ಬಟ್ಟಲು ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಆಪರೇಷನ್ ದಿನದವರೆಗೂ ಅಲ್ಲೇ ಉಂಡಳು. ಅತ್ತಿಗೆ ದಿನಾ ಬಾಗಿಲ ಬಳಿ ತಟ್ಟೆ ಇಟ್ಟರು, ದಿನಾ ಖಾಲಿ ತಟ್ಟೆ ತೆಗೆದುಕೊಂಡರು. ಮನಸ್ಸು ಮಾತ್ರ ಬದಲಿಸಲಿಲ್ಲ.

ಆಪರೇಷನ್ ಆದ ಮಾರನೇ ದಿನ ನಾನು ಆಸ್ಪತ್ರೆಗೆ ಹೋದಾಗ ಅತ್ತಿಗೆ ಎದ್ದು ನಿಂತಿದ್ದರು! ಎದೆಯಿಂದ ಸೊಂಟದವರೆಗೆ ಗಟ್ಟಿ ಪಟ್ಟಿ, ಕೈಯಲ್ಲಿ ನಡೆಯುವ ಚೌಕಟ್ಟು, ಮುಖವೆಲ್ಲ ಬೆವರು. "ಕಾಲಿನ ಜೋಮು ಹೋಯ್ತು ಜೊಂಗ್‌ರಾನ್. ಹೋಗೇ ಹೋಯ್ತು" ಎಂದು ಅತ್ತರು. ನರ್ಸ್ ಪಟ್ಟಿ ಬಿಚ್ಚಿದಾಗ ನಾನು ಇಣುಕಿದೆ. ಎಡಕ್ಕೆರಡು, ಬಲಕ್ಕೆರಡು, ಬೆರಳುದ್ದವೂ ಇಲ್ಲದ ನಾಲ್ಕು ಪ್ಲಾಸ್ಟರ್.

"ಇಷ್ಟೇನಾ? ನನ್ನ ಸಿಸೇರಿಯನ್ ಗಾಯ ಇದಕ್ಕಿಂತ ದೊಡ್ಡದು" ಎಂದೆ.

"ಹೊರಗಡೆ ಇಷ್ಟೇ" ಎಂದಳು ನರ್ಸ್. "ಒಳಗಡೆ ದೊಡ್ಡ ಕೆಲಸ ಆಗಿದೆ. ಮೂಳೆ ಮೂಳೆ ಬೆಸೆಯೋಕೆ ಶುರುವಾಗಬೇಕಾದ್ರೆ ಮೂರು ತಿಂಗಳು ಬೇಕು. ಅಲ್ಲಿವರೆಗೂ ಬಗ್ಗಂಗಿಲ್ಲ, ತಿರುಚಂಗಿಲ್ಲ, ನೆಲದ ಮೇಲೆ ಕೂರಂಗಿಲ್ಲ, ತುಂಬಿದ ಕೆಟಲ್‌ಗಿಂತ ಭಾರ ಎತ್ತಂಗಿಲ್ಲ. ಸ್ಕ್ರೂ ಸಡಿಲ ಆದ್ರೆ ಮತ್ತೆ ಕುಯ್ಯಬೇಕು. ಆಗ ನಾಲ್ಕು ತೂತಲ್ಲಿ ಮುಗಿಯಲ್ಲ."

ಆ ಮಾತು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ. ಕಣ್ಣಿಗೆ ಕಂಡದ್ದು ನಾಲ್ಕು ಪ್ಲಾಸ್ಟರ್. ಊರಿಗೆ ಬಂದು ಪಾರ್ಲರಿಗೆ ಬಂದವರಿಗೆಲ್ಲ ಅದನ್ನೇ ಹೇಳಿದೆ: "ಏನೂ ಇಲ್ಲ, ನಾಲ್ಕು ತೂತು ಅಷ್ಟೇ."

ಎಂಟನೇ ದಿನ ಅತ್ತಿಗೆ ಮನೆಗೆ ಬಂದರು. ನಮ್ಮ ಮನೆಯಲ್ಲಿ ಎಲ್ಲವೂ ನೆಲದ ಮೇಲೆ. ಊಟ ಮೋಟು ಮೇಜಿನ ಸುತ್ತ, ನಿದ್ದೆ ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಹಾಸಿಕೊಂಡು, ಸೊಪ್ಪು ಸೋಸುವುದು, ಬಟ್ಟೆ ಮಡಿಸುವುದು, ಟಿವಿ ನೋಡುವುದು ಎಲ್ಲವೂ ಅಲ್ಲೇ. ಅಣ್ಣ ಒಂದು ಹಳೇ ಮಂಚ ತಂದು ಹಾಕಿದ್ದ. ಊಟಕ್ಕೆ ಏನು ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮೊದಲ ದಿನ ನಾವು ಮೂವರೂ ನೆಲದಲ್ಲಿ ಕೂತೆವು. ಅತ್ತಿಗೆ ಸಿಂಕಿನ ಪಕ್ಕದ ಕಟ್ಟೆಯ ಮೇಲೆ ಬಟ್ಟಲಿಟ್ಟುಕೊಂಡು ನಿಂತೇ ಉಂಡರು.

"ಕುದುರೆ ಥರ ನಿಂತ್ಕೊಂಡು ತಿನ್ನೋ ಸೊಸೇನ ನೋಡೋಕೆ ಇಷ್ಟು ವರ್ಷ ಬದುಕಿದ್ನಾ" ಎಂದಳು ಅಮ್ಮ.

"ಕುದುರೆ ಬೆನ್ನು ನೆಟ್ಟಗಿರುತ್ತೆ ಅತ್ತೆ" ಎಂದರು ಅತ್ತಿಗೆ. ಅಣ್ಣನಿಗೆ ಸಾರು ನೆತ್ತಿಗೇರಿತು.

ಭಾನುವಾರ ಅತ್ತಿಗೆಯ ಮಗಳು ಹೇವನ್ ಸಿಯೋಲ್‌ನಿಂದ ಬಂದಳು. ನರ್ಸ್ ಹೇಳಿದ್ದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದಳು. ಹೋಗಿ ಎತ್ತರದ ಮೇಜು, ಒಂದು ಕುರ್ಚಿ ಕೊಂಡು ತಂದಳು.

"ಕುರ್ಚಿ ಹಾಕಿದ್ರೆ ಇದು ಮನೆನಾ, ಬಸ್ ಸ್ಟ್ಯಾಂಡಾ?" ಎಂದಳು ಅಮ್ಮ.

"ಬಸ್ ಸ್ಟ್ಯಾಂಡಾದ್ರೂ ಆಗಲಿ ಅಜ್ಜಿ. ಆಸ್ಪತ್ರೆ ಆಗದಿದ್ರೆ ಸಾಕು."

"ನಿನ್ನಮ್ಮಂಗೆ ಗಾಯ ಎಲ್ಲಿದೆ? ನಾಲ್ಕು ತೂತಂತೆ. ನಿಮ್ಮತ್ತೆ ನೋಡಿದ್ದಾಳೆ."

ಹೇವನ್ ನನ್ನ ಕಡೆ ಒಂದು ನೋಟ ಹರಿಸಿದಳು. ನಾನು ಮೂಲಂಗಿ ಹೆಚ್ಚುವುದರಲ್ಲಿ ಮಗ್ನಳಾದೆ.

ಅತ್ತಿಗೆ ಮಾತ್ರ ಛಲ ಬಿಡಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಡಿಗೆ. ಮೊದಲ ವಾರ ಗೇಟಿನವರೆಗೆ, ಎರಡನೇ ವಾರ ಔಷಧಿ ಅಂಗಡಿಯವರೆಗೆ, ನಾಲ್ಕನೇ ವಾರ ಶಾಲೆಯ ಗೇಟು ಮುಟ್ಟಿ ವಾಪಸ್. ಎಲ್ಲೂ ಕೂರುತ್ತಿರಲಿಲ್ಲ. ನೆಲಕ್ಕೆ ಬಿದ್ದದ್ದನ್ನು ಇಕ್ಕಳದಲ್ಲಿ ಎತ್ತುತ್ತಿದ್ದರು. ಎತ್ತಲಾಗದ್ದನ್ನು ಅಣ್ಣನನ್ನು ಕೂಗಿ ಎತ್ತಿಸುತ್ತಿದ್ದರು. ಪಾಪ, ಅಣ್ಣ ಅರವತ್ತಮೂರನೇ ವಯಸ್ಸಿನಲ್ಲಿ ಅಕ್ಕಿ ತೊಳೆಯಲು ಕಲಿತ. ಮೊದಲ ಮೂರು ದಿನ ಅನ್ನ ಮುದ್ದೆ, ನಾಲ್ಕನೇ ದಿನ ಗಂಜಿ. "ಹಲ್ಲಿಲ್ಲದೋರಿಗೆ ಒಳ್ಳೇದಾಯ್ತು" ಎಂದು ಅಮ್ಮ ಉಂಡಳು. ಮಗನ ಕೈ ಅನ್ನಕ್ಕೆ ಸೊಸೆಯನ್ನು ಬೈದಳು.

ಈಗ ನನ್ನ ಕರ್ಮದ ಮಾತಿಗೆ ಬರುತ್ತೇನೆ.

ಚಳಿ ಬಿತ್ತೆಂದರೆ ನಮ್ಮಲ್ಲಿ ಪ್ರತಿ ಮನೆಯಲ್ಲೂ ವರ್ಷಕ್ಕಾಗುವಷ್ಟು ಕಿಮ್ಚಿ ಉಪ್ಪಿನಕಾಯಿ ಹಾಕುವ ಕೆಲಸ. ನಮ್ಮ ಮನೆಯದು ಅರವತ್ತು ಎಲೆಕೋಸು. ಸೀಳಿ, ಉಪ್ಪಲ್ಲಿ ನೆನೆಸಿ, ಮೇಲೆ ಕೆಳಗೆ ಮಾಡಿ, ತೊಳೆದು, ಎಲೆ ಎಲೆಗೂ ಮೆಣಸಿನ ಮಸಾಲೆ ಬಳಿಯಬೇಕು. ಅಂಗಡಿಯಿಂದ ತಂದ ಕಿಮ್ಚಿ ಅಮ್ಮನ ಹೊಸಿಲು ದಾಟಿದ್ದಿಲ್ಲ. ನವೆಂಬರ್ ಕೊನೆಗೆ ಹೇನಾಮಿನಲ್ಲಿ ಎಲೆಕೋಸು ಬೆಳೆಯುವ ಸೋದರಮಾವನ ಮಗ ಫೋನ್ ಮಾಡಿ, ಈ ಸಲ ಎಷ್ಟು ಕಳಿಸಲಿ ಎಂದ. ಫೋನ್ ಎತ್ತಿದವಳು ನಾನು. ಅಮ್ಮ ಪಕ್ಕದಲ್ಲೇ ಇದ್ದಳು.

"ಶಾಲೆವರೆಗೂ ನಡೀತಾಳಲ್ಲ. ಕೂತು ಮಸಾಲೆ ಬಳಿಯೋಕೆ ಏನು ಕಷ್ಟ?" ಎಂದಳು ಅಮ್ಮ.

ನನಗೂ ಹಾಗೇ ಅನ್ನಿಸಿತು. ನಾಲ್ಕು ತೂತು. ಐದು ವಾರ ಆಗಿದೆ. ಗಾಯ ಒಣಗಿ ಉದುರಿದೆ. "ಪ್ರತಿ ವರ್ಷದ ಹಾಗೇ ಕಳಿಸು" ಎಂದೆ. ಅತ್ತಿಗೆಯನ್ನು ಕೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ.

ಲಾರಿಯವನು ಅಂಗಳದಲ್ಲಿ ಎಲೆಕೋಸು ಸುರಿದು ಹೋದ ಬೆಳಿಗ್ಗೆ ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು.

"ಯಾರು ತರಿಸಿದ್ದು?"

"ನಾನೇ. ಅತ್ತಿಗೆ, ನೀವೇನೂ ಮಾಡಬೇಡಿ, ಸುಮ್ನೆ ಕೂತು..."

"ಎಲ್ಲಿ ಕೂರಲಿ? ಹೇಳು ಜೊಂಗ್‌ರಾನ್. ನೆಲದ ಮೇಲಾ?"

"ಕುರ್ಚಿ ಮೇಲೆ ಕೂತ್ಕೊಂಡು..."

"ಕುರ್ಚಿ ಮೇಲೆ ಕೂತು ನೆಲದಲ್ಲಿರೋ ತೊಟ್ಟಿಗೆ ಕೈ ಹಾಕಬೇಕಾದ್ರೆ ಬಗ್ಗಲೇಬೇಕು. ನಾನು ಮುಟ್ಟಲ್ಲ. ಒಂದು ಎಲೇನೂ ಮುಟ್ಟಲ್ಲ."

ಅಮ್ಮ ಗಾಡಿ ತಳ್ಳಿಕೊಂಡು ಹೊರಗೆ ಬಂದಳು. "ಯಾರೂ ಮುಟ್ಟಬೇಡಿ. ನನ್ನ ಕೈ ಇನ್ನೂ ಬಿದ್ದುಹೋಗಿಲ್ಲ. ನಾನೊಬ್ಬಳೇ ಹಾಕ್ತೀನಿ" ಎಂದು ನೆಲಕ್ಕೆ ಕುಕ್ಕರಿಸಿ ಚಾಕು ಎತ್ತಿಕೊಂಡಳು.

ನಮ್ಮ ಕಡೆ ಇದಕ್ಕಿಂತ ದೊಡ್ಡ ಅಸ್ತ್ರ ಇಲ್ಲ. ಅತ್ತೆ ಅಂಗಳದಲ್ಲಿ ಎಲೆಕೋಸು ಸೀಳುತ್ತಾ ಕೂತರೆ ಹಿರಿ ಸೊಸೆ ಹೆರಿಗೆ ಕೋಣೆಯಿಂದಾದರೂ ಎದ್ದು ಬರಬೇಕು. ಅತ್ತಿಗೆಯ ಮುಖ ಕೆಂಪಾಯಿತು. ಬಗ್ಗದೆ ಶೂ ಹಾಕಿಕೊಳ್ಳಲೆಂದೇ ಇರುವ ಉದ್ದ ಹಿಡಿಯ ಚಮಚದಿಂದ ಶೂ ಏರಿಸಿಕೊಂಡು ಗೇಟು ತೆರೆದು ನಡಿಗೆಗೆ ಹೊರಟೇ ಹೋದರು. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಕತ್ತು ಚಾಚಿ, "ಆಪರೇಷನ್ ಬೆನ್ನಿಗೆ ಮಾಡಿದ್ರೋ, ಮುಖದ ಚರ್ಮಕ್ಕೋ? ಎಷ್ಟು ದಪ್ಪ ಆಗಿದೆ!" ಎಂದಳು. ನಾನು ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಣ್ಣನೂ ನಾನೂ ಅಮ್ಮನೂ ಸೇರಿ ಮಧ್ಯಾಹ್ನದೊಳಗೆ ಸೀಳಿ ಉಪ್ಪಿಗೆ ಹಾಕಿದೆವು. ಅಣ್ಣ ಮೆಣಸಿನಕಾಯಿ ಪುಡಿ ಮಾಡಿಸಲು ಗಿರಣಿಗೆ ಹೋದ. ಪರ್ಮ್ ಮಾಡಿಸಿ ಕೂದಲು ಗುಂಗುರಾಗಿಸಿಕೊಳ್ಳಲು ಒಬ್ಬಳು ಬಂದಳೆಂದು ನಾನು ಪಾರ್ಲರಿಗೆ ಹೋದೆ. ನಾಲ್ಕು ಗಂಟೆಗೆ ಫೋನ್ ಬಂತು.

"ಜೊಂಗ್‌ರಾನ್, ಅತ್ತೆ ಅಂಗಳದಲ್ಲಿ ಬಿದ್ದಿದ್ದಾರೆ. ಮಾತಾಡ್ತಿದ್ದಾರೆ, ಕಾಲು ಆಡಿಸ್ತಿದ್ದಾರೆ. ಏಳೋಕೆ ಆಗ್ತಿಲ್ಲ. ನಾನು ಎತ್ತಲ್ಲ. ಬೇಗ ಬಾ" ಎಂದಿತು ಅತ್ತಿಗೆಯ ದನಿ.

ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡೇ ಓಡಿದೆ. ತಲೆ ತುಂಬ ಸುರುಳಿ ಕಟ್ಟಿಸಿಕೊಂಡಿದ್ದ ಗಿರಾಕಿಯೂ ನನ್ನ ಹಿಂದೆಯೇ ಓಡಿ ಬಂದಳು. ಎಲೆಕೋಸು ತಿರುಗಿಸಿ ಹಾಕಲು ತೊಟ್ಟಿಗೆ ಬಾಗಿದ್ದ ಅಮ್ಮ ಉಪ್ಪುನೀರಿನಲ್ಲಿ ಕಾಲು ಜಾರಿ ಮಗ್ಗುಲಾಗಿ ಬಿದ್ದಿದ್ದಳು. ಮೇಲೊಂದು ರಜಾಯಿ. ಅದನ್ನು ಪೊರಕೆ ಹಿಡಿಯಿಂದ ತಳ್ಳಿ ತಳ್ಳಿ ಹೊದಿಸಿದ ಹಾಗಿತ್ತು. ಪಕ್ಕದಲ್ಲಿ ಅತ್ತಿಗೆ ಪಟ್ಟಿ ಬಿಗಿದುಕೊಂಡು, ಕೈ ಎರಡೂ ಮುಷ್ಟಿ ಮಾಡಿಕೊಂಡು, ನೆಟ್ಟಗೆ ನಿಂತಿದ್ದರು. ಹಿಮ ಬೆರೆತ ತುಂತುರು ಬೀಳುತ್ತಿತ್ತು.

ನನಗೆ ಮೈಯೆಲ್ಲ ಉರಿಯಿತು. ಬಹುವಚನ ಎಲ್ಲಿ ಹೋಯಿತೋ. "ನಿನಗೆ ಕರುಳಿಲ್ವಾ? ಮುದುಕಿ ನೆಲದಲ್ಲಿ ಬಿದ್ದಿದ್ರೆ ಕಂಬದ ಥರ ನಿಂತಿದ್ದೀಯಲ್ಲ! ನಾಲ್ಕು ತೂತು ಕೊರೆಸ್ಕೊಂಡಿದ್ದಕ್ಕೆ ಮನುಷ್ಯತ್ವಾನೂ ಸೋರಿಹೋಯ್ತಾ?"

ಉತ್ತರ ಬಂದದ್ದು ರಜಾಯಿ ಒಳಗಿಂದ.

"ಬಾಯ್ಮುಚ್ಚೇ ಮುಂಡೇದೇ! ಅವಳು ಎತ್ತೋಕೆ ಬಂದ್ಲು. ಬಗ್ಗಿದ್ಲು. ಕೈಯೂ ಚಾಚಿದ್ಲು. ನಾನೇ ಆ ಕೈಗೆ ಹೊಡೆದೆ. ಬಗ್ಗಬೇಡ, ಬಗ್ಗಿದ್ರೆ ನನ್ನ ಹೆಣ ನೋಡ್ತೀಯ ಅಂತ ಕೂಗಿದೆ. ಈಗ ಕೂಗಾಡಿದ್ದು ಸಾಕು. ಎತ್ತು ನನ್ನ. ತಿಕ ಎಲ್ಲ ಮರಗಟ್ಟಿದೆ."

ನಾನೂ ಸುರುಳಿ ತಲೆಯವಳೂ ಅಮ್ಮನನ್ನು ಎತ್ತಿ ಒಳಗೆ ಮಲಗಿಸಿದೆವು. ಪುಣ್ಯ, ಮೂಳೆ ಮುರಿದಿರಲಿಲ್ಲ, ತೊಡೆ ಮಾತ್ರ ಕಪ್ಪಗಾಗಿತ್ತು. ಅಂಗಳಕ್ಕೆ ವಾಪಸ್ ಬಂದಾಗ ಅತ್ತಿಗೆ ಗೋಡೆಗೆ ಬೆನ್ನು ಕೊಟ್ಟು ಪಟ್ಟಿ ಒತ್ತಿ ಹಿಡಿದು ನಿಂತಿದ್ದರು.

"ಬಗ್ಗಿಬಿಟ್ಟೆ ಜೊಂಗ್‌ರಾನ್. ಒಂದು ಗೇಣು ಬಗ್ಗಿಬಿಟ್ಟೆ. ಒಳಗೆ ಏನೋ ಎಳೆದ ಹಾಗಾಯ್ತು. ಮತ್ತೆ ಕುಯ್ಯಬೇಕು ಅಂದ್ರೆ ನನ್ನ ಕೈಲಿ ಆಗಲ್ಲ" ಎಂದರು.

ಆಸ್ಪತ್ರೆಗೆ ಫೋನ್ ಮಾಡಿದೆವು. ಕಾಲು ಜೋಮು ಹಿಡಿದಿದೆಯೇ, ನೋವಿದೆಯೇ ಎಂದು ಕೇಳಿದರು. ಇಲ್ಲ ಎಂದೆವು. ಹಾಗಾದರೆ ಪಟ್ಟಿ ಬಿಚ್ಚದೆ ಎಚ್ಚರಿಕೆಯಿಂದಿರಿ, ನೋವು ಬಂದರೆ ತಕ್ಷಣ ಬನ್ನಿ. ಮೂಳೆ ಬೆಸೆಯುತ್ತಿದೆಯೋ ಇಲ್ಲವೋ ಮೂರು ತಿಂಗಳ ಎಕ್ಸ್‌ರೇಯಲ್ಲೇ ತಿಳಿಯುವುದು ಎಂದರು. ಇನ್ನೂ ಏಳು ವಾರ ಇತ್ತು.

ಆ ಅರವತ್ತು ಎಲೆಕೋಸನ್ನು ನಾನೂ ಅಣ್ಣನೂ ಎರಡು ದಿನ ಕೂತು ಮುಗಿಸಿದೆವು. ಅಮ್ಮ ಮಲಗಿದಲ್ಲಿಂದಲೇ ಬೈದು ಹೇಳಿಕೊಟ್ಟಳು. ಎರಡನೇ ದಿನ ಸಂಜೆ ನನಗೆ ಏಳಲು ಆಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಅಯ್ಯೋ ಅಮ್ಮಾ ಎನ್ನುತ್ತಾ ಎದ್ದೆ. ಇದನ್ನೇ ಇವರು ಮೂವತ್ತನಾಲ್ಕು ಚಳಿಗಾಲ ಮಾಡಿದ್ದಾರಲ್ಲ, ಮಾರನೇ ದಿನ ಶಾಲೆಗೂ ಹೋಗಿದ್ದಾರಲ್ಲ ಎಂದು ಹೊಳೆದದ್ದು ಆಗಲೇ. ಹೋಗಿ ಅತ್ತಿಗೆಯ ಮುಂದೆ ನಿಂತು, "ತಪ್ಪಾಯ್ತು. ಕೇಳದೇ ತರಿಸಿದ್ದೂ ತಪ್ಪು, ಅವತ್ತು ಅಂದದ್ದೂ ತಪ್ಪು" ಎಂದೆ.

"ಉಪ್ಪು ಜಾಸ್ತಿ ಆಗಿದೆ" ಎಂದರು ಅತ್ತಿಗೆ. ಆಮೇಲೆ, "ಬಾ, ಸೊಂಟಕ್ಕೆ ಬಿಸಿ ಚೀಲ ಇಟ್ಕೋ" ಎಂದರು.

ಅವತ್ತಿನಿಂದ ಮನೆಯಲ್ಲಿ ಪೊಲೀಸಿನವಳು ಅಮ್ಮನೇ. ಫ್ರಿಜ್ಜಿನ ಮೇಲಿನ ಕಾಗದವನ್ನು ನನ್ನಿಂದ ಓದಿಸಿ ಬಾಯಿಪಾಠ ಮಾಡಿಕೊಂಡಳು. ಅತ್ತಿಗೆ ಸ್ವಲ್ಪ ಕತ್ತು ಬಗ್ಗಿಸಿದರೆ ಸಾಕು, ಪಕ್ಕದ ಕೋಣೆಯಿಂದ "ಬಗ್ಗಬೇಡ!" ಎಂದು ಕೂಗು.

"ಅತ್ತೆ, ಹಲ್ಲುಜ್ಜಿ ಉಗುಳ್ತಿದ್ದೀನಿ."

"ನಿಂತ್ಕೊಂಡು ಲೋಟಕ್ಕೆ ಉಗುಳು!"

ಗೋಡೆಯ ಮೇಲಿಂದ ಪಕ್ಕದ ಮನೆಯವಳು, "ಸೊಸೆ ಮಹಾರಾಣಿ ಇನ್ನೂ ಎದ್ದಿಲ್ವಾ?" ಎಂದು ಕುಟುಕಿದಳು. ಅಮ್ಮ ಗಾಡಿ ನಿಲ್ಲಿಸಿ, "ಎದ್ದು ನೆಟ್ಟಗೆ ನಿಂತಿದ್ದಾಳೆ ಕಣಮ್ಮ. ಅದೇ ನಿನ್ನ ಹೊಟ್ಟೆಉರಿ" ಎಂದು ಬಾಯಿ ಮುಚ್ಚಿಸಿದಳು.

ಜನವರಿ ಕೊನೆಗೆ ಎಕ್ಸ್‌ರೇ ದಿನ ಬಂತು. ನಾನೂ ಬರುತ್ತೇನೆ ಎಂದು ಅಮ್ಮ ಬೆಳಿಗ್ಗೆಯೇ ಕೋಟು ಹಾಕಿಕೊಂಡು ಕೂತಿದ್ದಳು. ಗ್ವಾಂಗ್‌ಜುವರೆಗೂ ಅಣ್ಣನ ಕಾರಿನಲ್ಲಿ ಅತ್ತಿಗೆಯ ಕೈ ಹಿಡಿದುಕೊಂಡೆ, ಐಸಿನ ಹಾಗಿತ್ತು.

ಡಾಕ್ಟರು ಪರದೆಯ ಮೇಲಿನ ಚಿತ್ರವನ್ನು ತುಂಬ ಹೊತ್ತು ನೋಡಿದರು. ಒಂದು ಗೇಣು ಬಗ್ಗಿದ ಕಥೆಯನ್ನು ಅತ್ತಿಗೆ ತಾವೇ ಹೇಳಿದರು, ಒಂದಕ್ಷರವನ್ನೂ ಮುಚ್ಚಿಡಲಿಲ್ಲ. ಡಾಕ್ಟರು ಕೇಳಿಸಿಕೊಂಡು, "ಸ್ಕ್ರೂ ಅಲುಗಿಲ್ಲ. ಮೂಳೆ ಹಿಡೀತಾ ಇದೆ. ಪಟ್ಟಿ ಮೆಲ್ಲಗೆ ಬಿಡ್ತಾ ಬನ್ನಿ. ಪೂರ್ತಿ ಬೆಸೆಯೋಕೆ ಇನ್ನೂ ತಿಂಗಳುಗಳು ಬೇಕು, ಭಾರ ಎತ್ತೋಹಾಗಿಲ್ಲ. ಆದ್ರೆ ನೀವು ಗೆದ್ರಿ" ಎಂದರು. ಅಣ್ಣ ಆ ಡಾಕ್ಟರಿಗೆ ಮೂರು ಸಲ ತಲೆಬಾಗಿಸಿ ನಮಸ್ಕರಿಸಿದ. ನಾನು ಗಳಗಳನೆ ಅತ್ತೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ನಾವು ಹೆಂಗಸರು ಮೂವರೇ ಇದ್ದೆವು. ಎಕ್ಸ್‌ರೇಗೆಂದು ಹಾಕಿದ ಆಸ್ಪತ್ರೆಯ ಅಂಗಿಯ ಹಿಂದಿನ ದಾರವನ್ನು ನಾನು ಬಿಚ್ಚಿದೆ. ಅಮ್ಮ ಅತ್ತಿಗೆಯ ಹಿಂದೆಯೇ ಇದ್ದಳು. ಅಷ್ಟು ಬಾಗಿದವಳ ಕಣ್ಣಿಗೆ ಸರಿಯಾಗಿ ಎದುರಾದದ್ದು ಅತ್ತಿಗೆಯ ಸೊಂಟ. ಈ ಮೂರು ತಿಂಗಳಲ್ಲಿ ಅವಳು ಅದನ್ನು ಒಮ್ಮೆಯೂ ನೋಡಿರಲಿಲ್ಲ.

"ನಿಲ್ಲು" ಎಂದಳು. ಬೆರಳು ಚಾಚಿ ಒಂದೊಂದೇ ಗುರುತು ಮುಟ್ಟಿದಳು. ಎಡಕ್ಕೆರಡು, ಬಲಕ್ಕೆರಡು. "ಇಷ್ಟೇನಾ?"

"ಇಷ್ಟೇ ಅತ್ತೆ."

"ಜೊಂಗ್‌ದು ಒಂದು ಸಲ ನನ್ನನ್ನೂ ಕರ್ಕೊಂಡು ಬಂದಿದ್ದ. ಇಪ್ಪತ್ತೆರಡು ವರ್ಷ ಆಯ್ತು. ಆಸ್ಪತ್ರೆ ಬಾಗಿಲವರೆಗೂ ಬಂದು, ಚಾಕು ನೆನೆಸ್ಕೊಂಡು, ಬಸ್ ಹತ್ತಿ ಒಬ್ಬಳೇ ಮನೆಗೆ ಓಡಿಹೋದೆ." ಅವಳ ಬೆರಳು ಕೊನೆಯ ಗುರುತಿನ ಮೇಲೆ ನಿಂತಿತ್ತು. "ಇಷ್ಟಕ್ಕೆ ಹೆದರಿ ಇಪ್ಪತ್ತೆರಡು ವರ್ಷ ಜನರ ಮುಖ ನೋಡದೆ ಬರೀ ಚಪ್ಪಲಿ ನೋಡ್ಕೊಂಡು ಓಡಾಡಿದ್ನಾ ಕಣೇ?"

"ಆಗ ಇಷ್ಟು ಚಿಕ್ಕದಾಗಿ ಮಾಡ್ತಿರಲಿಲ್ಲ ಅತ್ತೆ. ಉದ್ದಕ್ಕೆ ಸೀಳ್ತಿದ್ರು. ನೀವು ಹೆದರಿದ್ದು ತಪ್ಪಲ್ಲ."

"ಈಗ ನನಗೆ ಮಾಡ್ತಾರಾ?"

ಅತ್ತಿಗೆ ಸುಳ್ಳು ಹೇಳಲಿಲ್ಲ. "ಎಂಬತ್ತಮೂರಕ್ಕೆ ಮೂಳೆ ಸ್ಕ್ರೂ ಹಿಡಿಯುತ್ತೋ ಇಲ್ವೋ. ಈಗಲೇ ಬೇಕಿದ್ರೆ ಡಾಕ್ಟರನ್ನ ಕೇಳೋಣ. ನೋವಿಗಾದ್ರೂ ಏನಾದ್ರೂ ಕೊಡ್ತಾರೆ. ನೆಟ್ಟಗೆ ಮಾಡೋಕೆ ಮಾತ್ರ ಆಗಲ್ಲ ಅನ್ನಿಸುತ್ತೆ."

ಅಮ್ಮ ಹೂಂ ಎಂದಳು. ಅಷ್ಟೇ. ಗೋಡೆ ಹಿಡಿದುಕೊಂಡು ಹೊರಡಲು ತಿರುಗಿದಳು.

ಅತ್ತಿಗೆ ಅವಳ ತೋಳು ಹಿಡಿದು ನಿಲ್ಲಿಸಿದರು. ಗೋಡೆ ಪಕ್ಕದ ಬೆಂಚಿನ ತುದಿಗೆ ಬಂದು, ಬೆನ್ನು ಒಂದಿಷ್ಟೂ ಬಗ್ಗಿಸದೆ, ಮಂಡಿ ಮಡಿಸಿ ಮೆಲ್ಲಗೆ ಕೂತರು. ಅಮ್ಮನ ಮುಖಕ್ಕೆ ಅವರ ಮುಖ ನೇರವಾಗಿ ಬಂತು.

"ನೋಡಿ ಅತ್ತೆ" ಎಂದರು.

ಅಮ್ಮ ಎರಡೂ ಕೈಯಲ್ಲಿ ಆ ಮುಖ ಹಿಡಿದು ನೋಡಿದಳು. "ನಿನಗೂ ವಯಸ್ಸಾಯ್ತಲ್ಲೇ ಮಿಯೊಕ್" ಎಂದಳು.